ಮಗು ಮತ್ತೆ ದಾಖಲಾದರೆ ಅದು ಆಸ್ಪತ್ರೆಯ ತಪ್ಪಾ? ಸ್ಕೋರ್ ಹಾಕುವಾಗ ಮನೆ ಕಡೆಯೂ ನೋಡಬೇಕಾ?

ಪಟ್ಟಿ ಬರೆಯುವವಳು

ಎಲ್ಲರಿಗೂ ನಮಸ್ಕಾರ. ನಾನು ಒಂದು ಮಕ್ಕಳ ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಡಿಸ್ಚಾರ್ಜ್ ಆಗಿ 30 ದಿನದೊಳಗೆ ಮತ್ತೆ ದಾಖಲಾದ ಮಕ್ಕಳ ಪಟ್ಟಿ ತಯಾರು ಮಾಡುವುದು ನನ್ನ ಕೆಲಸ. ಪಟ್ಟಿ ಉದ್ದವಾದಷ್ಟೂ ನಮ್ಮ ಸ್ಕೋರ್ ಇಳಿಯುತ್ತದೆ. ಈ ಸಲ ತುಂಬಾ ಇಳಿದಿದೆ. ಮೀಟಿಂಗಿನಲ್ಲಿ ಕಾರಣ ಕೇಳಿದರು. ನನ್ನ ಹತ್ತಿರ ಶೇಕಡಾ ಲೆಕ್ಕ ಇತ್ತು, ಕಾರಣ ಇರಲಿಲ್ಲ. ಹಾಗಾಗಿ ಪಟ್ಟಿ ಹಿಡಿದುಕೊಂಡು ವಾರ್ಡಿಗೇ ಹೋದೆ.

ಅಲ್ಲಿ ಏಳು ವರ್ಷದ ಒಬ್ಬ ಹುಡುಗ. ಅಸ್ತಮಾ. ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ. ಅವನ ತಾಯಿಯ ಪಕ್ಕ ಕೂತು ಮಾತಾಡಿದೆ. ಮನೆಯಲ್ಲಿ ಔಷಧಿ ಹೇಗೆ ಕೊಡುತ್ತೀರಿ ಅಂತ ಕೇಳಿದ್ದಕ್ಕೆ ಚೀಲದಿಂದ ಇನ್‌ಹೇಲರ್ ತೆಗೆದರು. ಒತ್ತಿ ತೋರಿಸಿದರು. ಬುಸ್ ಅಂತ ಬಂತು. ಹಿಂದೆ ತಿರುಗಿಸಿ ನೋಡಿದರೆ, ಇನ್ನೆಷ್ಟು ಸಲ ಒತ್ತಬಹುದು ಅಂತ ತೋರಿಸುವ ಕೌಂಟರ್‌ನಲ್ಲಿ ಸೊನ್ನೆ. ಔಷಧಿ ಮುಗಿದ ಮೇಲೂ ಒಳಗಿನ ಗ್ಯಾಸ್ ಸ್ವಲ್ಪ ದಿನ ಬರುತ್ತಲೇ ಇರುತ್ತದೆ, ಇದು ಆಕೆಗೆ ಯಾರೂ ಹೇಳಿರಲಿಲ್ಲ. "ಒಂದು ದಿನಾನೂ ತಪ್ಪಿಸಿಲ್ಲ ಮೇಡಂ, ಬೆಳಿಗ್ಗೆ ಎರಡು, ರಾತ್ರಿ ಎರಡು" ಅಂದರು. ಎಷ್ಟು ದಿನದಿಂದ ಬರೀ ಗ್ಯಾಸ್ ಕೊಡುತ್ತಿದ್ದರೋ.

ಆಮೇಲೆ ಮನೆ ವಿಷಯ ಬಂತು. ಒಂದೇ ಕೋಣೆ. ಹುಡುಗ ಮಲಗುವ ಜಾಗದ ಹಿಂದೆ ಗೋಡೆ ತೇವ ಹಿಡಿದು ಕಪ್ಪು ಬೂಷ್ಟು ಕಟ್ಟಿದೆಯಂತೆ. ಫೋನಿನಲ್ಲಿ ಫೋಟೋ ತೋರಿಸಿದರು. ಓನರ್ ರಿಪೇರಿ ಮಾಡಿಸುತ್ತಿಲ್ಲ. ಆಕೆಗೆ ರಾತ್ರಿ ಪಾಳಿ. ರಾತ್ರಿಯ ಔಷಧಿ ಕೊಡುವವಳು ಹನ್ನೆರಡು ವರ್ಷದ ಅಕ್ಕ.

ನನ್ನ ಪ್ರಶ್ನೆ ಇಷ್ಟು. ಕೌಂಟರ್ ತೋರಿಸಿಕೊಡದೇ ಇದ್ದದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಗೋಡೆ ನಮ್ಮದಲ್ಲ. ಆದರೆ ನನ್ನ ಪಟ್ಟಿಯಲ್ಲಿ ಎರಡೂ ಸೇರಿ ಒಂದೇ ಸಾಲು. ಅನುಕೂಲಸ್ಥರ ಮಕ್ಕಳೇ ಜಾಸ್ತಿ ಬರುವ ಆಸ್ಪತ್ರೆಯ ಪಕ್ಕದಲ್ಲಿ ನಮ್ಮನ್ನು ನಿಲ್ಲಿಸಿ ಅಳೆಯುವುದು ನ್ಯಾಯವಾ?

ಹದಿನೆಂಟು ವರ್ಷದ ನರ್ಸ್

ಹದಿನೆಂಟು ವರ್ಷದಿಂದ ನರ್ಸ್ ಆಗಿದ್ದೇನೆ, ಆ ತಾಯಿಯ ಥರದವರನ್ನು ವಾರಕ್ಕೊಬ್ಬರಾದರೂ ನೋಡುತ್ತೇನೆ. ಒಂದು ಮಾತು ಸೇರಿಸುತ್ತೇನೆ. ಡಿಸ್ಚಾರ್ಜ್ ಹೊತ್ತಲ್ಲಿ ನಾವು ಹೇಳಿದ್ದನ್ನು ಎಲ್ಲರೂ "ಹೂಂ ಸಿಸ್ಟರ್" ಅನ್ನುತ್ತಾರೆ. ರಾತ್ರಿ ಪಾಳಿ ಮುಗಿಸಿ ನಿದ್ದೆ ಇಲ್ಲದೆ ಬಂದ ತಾಯಿಯೂ ಹೂಂ ಅನ್ನುತ್ತಾಳೆ. ಅರ್ಥ ಆಯಿತು ಅಂತ ನಾವು ಟಿಕ್ ಹಾಕುತ್ತೇವೆ. "ನೀವೇ ಒಂದ್ಸಲ ಮಾಡಿ ತೋರಿಸಿ" ಅಂತ ಕೇಳಲು ಐದು ನಿಮಿಷ ಜಾಸ್ತಿ ಬೇಕು. ಆ ಐದು ನಿಮಿಷ ತುಂಬಿದ ವಾರ್ಡಿನಲ್ಲಿ ಸಿಗುವುದೇ ಇಲ್ಲ. ಎಂಥ ಮಕ್ಕಳು ಬರುತ್ತಾರೆ ಅನ್ನುವುದರ ಜೊತೆಗೆ ಎಷ್ಟು ಕೈ ಇದೆ ಅನ್ನುವುದನ್ನೂ ನೋಡಬೇಕು.

ಲೆಕ್ಕದ ಮೇಷ್ಟ್ರು

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಮೊದಲು ಒಂದು ಉದಾಹರಣೆ ಲೆಕ್ಕ ಕೊಡುತ್ತೇನೆ. ಸುಮ್ನೆ ಕಲ್ಪಿಸಿದ ಅಂಕಿ, ಯಾವ ಆಸ್ಪತ್ರೆಯದ್ದೂ ಅಲ್ಲ.

ಒಂದನೇ ಆಸ್ಪತ್ರೆಗೆ 1000 ಮಕ್ಕಳು ಬಂದರು. ಅದರಲ್ಲಿ 800 ಅನುಕೂಲಸ್ಥರು, 200 ಬಡವರು. ಅನುಕೂಲಸ್ಥರಲ್ಲಿ ಶೇ 5 ಮರಳಿ ಬಂದರು, ಅಂದರೆ 40. ಬಡವರಲ್ಲಿ ಶೇ 12, ಅಂದರೆ 24. ಒಟ್ಟು 64. ದರ ಶೇ 6.4.

ಎರಡನೇ ಆಸ್ಪತ್ರೆಗೂ 1000 ಮಕ್ಕಳು. ಇಲ್ಲಿ 200 ಅನುಕೂಲಸ್ಥರು, 800 ಬಡವರು. ಅನುಕೂಲಸ್ಥರಲ್ಲಿ ಮರಳಿದವರು ಶೇ 4, ಅಂದರೆ 8. ಬಡವರಲ್ಲಿ ಶೇ 10, ಅಂದರೆ 80. ಒಟ್ಟು 88. ದರ ಶೇ 8.8.

ಈಗ ನೋಡಿ. ಎರಡನೇ ಆಸ್ಪತ್ರೆ ಅನುಕೂಲಸ್ಥರ ಮಕ್ಕಳನ್ನೂ ಚೆನ್ನಾಗಿ ನೋಡಿಕೊಂಡಿದೆ, ಬಡವರ ಮಕ್ಕಳನ್ನೂ ಚೆನ್ನಾಗಿ ನೋಡಿಕೊಂಡಿದೆ. ಆದರೂ ಒಟ್ಟು ಅಂಕಿಯಲ್ಲಿ ಹಿಂದೆ ಬಿತ್ತು. ದಂಡ ಹಾಕಿದರೆ ಇದಕ್ಕೇ ಬೀಳುತ್ತದೆ. ದಂಡದ ದುಡ್ಡು ಹೋದಾಗ ಮೊದಲು ಕಡಿತವಾಗುವುದು, ನರ್ಸ್ ಅಕ್ಕ ಹೇಳಿದ ಆ ಐದು ನಿಮಿಷ.

ಹಾಗಾಗಿ ಆಸ್ಪತ್ರೆಗಳನ್ನು ಹೋಲಿಸುವಾಗ, ಇಂಥ ಮಕ್ಕಳು ಬಂದರೆ ಸಾಮಾನ್ಯವಾಗಿ ಎಷ್ಟು ಮಂದಿ ಮರಳುತ್ತಾರೆ ಅಂತ ಮೊದಲು ಅಂದಾಜು ಮಾಡುತ್ತಾರೆ. ನಿಜವಾಗಿ ಮರಳಿದವರನ್ನು ಆ ಅಂದಾಜಿನ ಪಕ್ಕ ಇಡುತ್ತಾರೆ. ವಯಸ್ಸು, ಕಾಯಿಲೆ ಎಷ್ಟು ಜೋರು, ಹುಟ್ಟಿನಿಂದ ಬಂದ ತೊಂದರೆ, ಇವನ್ನು ಅಂದಾಜಿನಲ್ಲಿ ಸೇರಿಸುವುದಕ್ಕೆ ಯಾರದ್ದೂ ತಕರಾರಿಲ್ಲ. ಜಗಳ ಶುರುವಾಗುವುದು ಬಡತನವನ್ನು ಸೇರಿಸಬೇಕಾ ಅನ್ನುವಲ್ಲಿ.

ಇಬ್ಬರು ಮಕ್ಕಳ ಅಪ್ಪ

ಮೇಷ್ಟ್ರೇ, ಲೆಕ್ಕ ಅರ್ಥ ಆಯ್ತು. ಆದರೆ ನನಗೆ ಇದು ಸರಿ ಕಾಣುತ್ತಿಲ್ಲ. ಬಡವರ ಮಗು ಮತ್ತೆ ಬಂದರೆ ಅದು ನಿರೀಕ್ಷಿತ ಅಂತ ಫಾರ್ಮುಲಾದಲ್ಲೇ ಬರೆದುಬಿಟ್ಟರೆ, ಆ ಮಗುವಿಗೆ ಕಡಿಮೆ ಗುಣಮಟ್ಟ ಸಾಕು ಅಂತ ಒಪ್ಪಿಕೊಂಡ ಹಾಗೆ ಅಲ್ವಾ?

ನಾನೇ ಅಂಥ ಮಗು ಆಗಿದ್ದವನು. ನನ್ನ ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಬೆಡ್ಡಿನವರಿಗೆ ಡಾಕ್ಟರು ಕೂತು ಹತ್ತು ನಿಮಿಷ ವಿವರಿಸಿದ್ದು ನನಗೆ ನೆನಪಿದೆ. ನಮ್ಮ ಅಪ್ಪನ ಕೈಗೆ ಚೀಟಿ ಕೊಟ್ಟು ಮುಂದಕ್ಕೆ ಹೋದರು. ಅಪ್ಪ ಆ ಚೀಟಿಯನ್ನು ನಾಲ್ಕಾಗಿ ಮಡಿಚಿ ಜೇಬಿಗೆ ಇಟ್ಟುಕೊಂಡರು. ಮನೆಗೆ ಬಂದು ನನ್ನ ಕೈಗೇ ಕೊಟ್ಟು ಓದು ಅಂದರು. ನನಗೆ ಒಂಬತ್ತು ವರ್ಷ, ಅದರಲ್ಲಿದ್ದ ಅಕ್ಷರ ನನಗೂ ಗೊತ್ತಾಗಲಿಲ್ಲ. ವಾರದಲ್ಲೇ ಮತ್ತೆ ದಾಖಲಾದೆ. ಅದು ಬಡತನದ ಲೆಕ್ಕಕ್ಕೆ ಹೋಗಬೇಕಾ, ಆಸ್ಪತ್ರೆಯ ಲೆಕ್ಕಕ್ಕಾ?

ಮಕ್ಕಳ ಡಾಕ್ಟರ್

ಅಪ್ಪ ಅವರೇ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನೂ ಚೀಟಿ ಕೊಟ್ಟು ಮುಂದಕ್ಕೆ ಹೋದ ದಿನಗಳಿವೆ.

ನಿಮ್ಮ ಭಯಕ್ಕೆ ಚರಿತ್ರೆಯಲ್ಲೂ ಆಧಾರ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ರಾಯಲ್ ಇನ್‌ಫರ್ಮರಿಯಲ್ಲಿ ಮಕ್ಕಳ ಹೃದಯದ ಆಪರೇಷನ್ ಬಗ್ಗೆ ದೊಡ್ಡ ವಿಚಾರಣೆ ನಡೆಯಿತು. ವರದಿ ಬಂದದ್ದು 2001ರಲ್ಲಿ. 1991ರಿಂದ 1995ರ ನಡುವೆ, ಒಂದು ವರ್ಷದೊಳಗಿನ ಮಕ್ಕಳಲ್ಲಿ, ಸಾಮಾನ್ಯ ಕೇಂದ್ರವೊಂದರಲ್ಲಿ ಆಗಬಹುದಾಗಿದ್ದಕ್ಕಿಂತ 30ರಿಂದ 35 ಸಾವು ಅಲ್ಲಿ ಜಾಸ್ತಿ ಆಗಿತ್ತು. "ನಮಗೆ ಬರುವ ಮಕ್ಕಳೇ ಹೆಚ್ಚು ಕಾಯಿಲೆಯವರು" ಅನ್ನುವ ಮಾತಿನಿಂದ ಆ ವ್ಯತ್ಯಾಸವನ್ನು ವಿವರಿಸಲು ಆಗಲಿಲ್ಲ. ಅಳತೆಯಲ್ಲಿ ನೆಪಕ್ಕೆ ಜಾಗ ಬಿಟ್ಟರೆ ಮಕ್ಕಳು ಬೆಲೆ ತೆರುತ್ತಾರೆ, ಇದನ್ನು ನಾವು ಡಾಕ್ಟರುಗಳು ಮರೆಯಬಾರದು.

ಇನ್ನೊಂದು ಕಡೆಯೂ ಹೇಳಬೇಕು. ಅಮೆರಿಕದಲ್ಲಿ 2012ರ ಅಕ್ಟೋಬರ್‌ನಿಂದ, ರೋಗಿಗಳು ಜಾಸ್ತಿ ಮರುದಾಖಲಾದರೆ ಆಸ್ಪತ್ರೆಗೆ ಸರ್ಕಾರ ಕೊಡುವ ಹಣದಲ್ಲಿ ಕಡಿತ ಮಾಡುವ ಕ್ರಮ ಬಂತು. ಕಡಿತ ಶೇ 3ರವರೆಗೆ ಹೋಗಬಹುದು. ಅದು ಮುಖ್ಯವಾಗಿ ವಯಸ್ಸಾದವರ ಮೆಡಿಕೇರ್ ಯೋಜನೆಯದ್ದು. ಬಡ ರೋಗಿಗಳು ಹೆಚ್ಚಿರುವ ಆಸ್ಪತ್ರೆಗಳಿಗೇ ಪೆಟ್ಟು ಜಾಸ್ತಿ ಬೀಳುತ್ತಿದೆ ಅಂತ ಕೂಗೆದ್ದಿತು. 2016ರ ಕಾನೂನಿನಲ್ಲಿ ಅದನ್ನು ತಿದ್ದಿದರು. ಬಡ ರೋಗಿಗಳ ಪ್ರಮಾಣ ನೋಡಿ ಆಸ್ಪತ್ರೆಗಳನ್ನು ಐದು ಗುಂಪು ಮಾಡಿ, ಗುಂಪಿನೊಳಗೇ ಹೋಲಿಸುವುದು 2018ರ ಅಕ್ಟೋಬರ್‌ನಿಂದ ಶುರುವಾಯಿತು.

ಮಕ್ಕಳ ವಿಷಯ ಬೇರೆ. ಅಲ್ಲಿ ಮೆಡಿಕೇರ್‌ನ ವಯಸ್ಸಾದ ರೋಗಿಗಳಲ್ಲಿ ಹತ್ತಿರ ಹತ್ತಿರ ಐವರಲ್ಲೊಬ್ಬರು 30 ದಿನದಲ್ಲಿ ಮರಳುತ್ತಿದ್ದರು ಅಂತ 2009ರಲ್ಲಿ ಪ್ರಕಟವಾಯಿತು. 72 ಮಕ್ಕಳ ಆಸ್ಪತ್ರೆಗಳ ಲೆಕ್ಕ 2013ರಲ್ಲಿ ಬಂದಾಗ, ಯೋಜಿತವಲ್ಲದ ಮರುದಾಖಲು ಶೇ 6.5 ಮಾತ್ರ. ಅಂದರೆ ಮಕ್ಕಳಲ್ಲಿ ಇದು ಕಡಿಮೆ ನಡೆಯುವ ಘಟನೆ. ಕಡಿಮೆ ನಡೆಯುವುದನ್ನು ಹಿಡಿದು ರ‍್ಯಾಂಕ್ ಕೊಡುವುದು ಕಷ್ಟ.

2016ರಲ್ಲಿ 43 ಮಕ್ಕಳ ಆಸ್ಪತ್ರೆಗಳನ್ನು ತೆಗೆದುಕೊಂಡು ನೇರವಾಗಿ ಇದನ್ನೇ ಪರೀಕ್ಷಿಸಿದರು. ಸಾಮಾಜಿಕ ಅಂಶ ಸೇರಿಸಿದರೆ ದಂಡದ ಗೆರೆ ದಾಟುವವರ ಪಟ್ಟಿ ಬದಲಾಗುತ್ತದಾ? 15 ದಿನದ ಲೆಕ್ಕದಲ್ಲಿ ಮೂರು ಆಸ್ಪತ್ರೆಗಳ ಸ್ಥಿತಿ ಬದಲಾಯಿತು. 30 ದಿನದ ಲೆಕ್ಕದಲ್ಲಿ ಐದರದ್ದು. ಕೆಲವು ಪಟ್ಟಿಯಿಂದ ಹೊರಬಂದವು, ಕೆಲವು ಹೊಸದಾಗಿ ಒಳಗೆ ಹೋದವು. ಬಹುಪಾಲು ಆಸ್ಪತ್ರೆಗಳಿಗೆ ಏನೂ ಬದಲಾಗಲಿಲ್ಲ. ಆದರೆ ಬದಲಾದ ಆಸ್ಪತ್ರೆಗೆ ಅದು ದೊಡ್ಡ ವಿಷಯ.

ಲೆಕ್ಕದ ಮೇಷ್ಟ್ರು

ಅಪ್ಪ ಅವರ ಪ್ರಶ್ನೆಗೆ ನನ್ನ ಉತ್ತರ ಇದು. ನಿಮ್ಮ ಅಪ್ಪನ ಕೈಗೆ ಚೀಟಿ ಕೊಟ್ಟು ಹೋದದ್ದು ಆಸ್ಪತ್ರೆಯ ಲೆಕ್ಕಕ್ಕೇ ಹೋಗಬೇಕು. ಸಂಶಯವೇ ಬೇಡ.

ನಾನು ಹಾಕಿಕೊಳ್ಳುವ ಗೆರೆ ಹೀಗೆ. ಮಗು ಬಾಗಿಲು ದಾಟಿ ಒಳಗೆ ಬರುವ ಮೊದಲೇ ಇದ್ದದ್ದನ್ನು ಅಂದಾಜಿನಲ್ಲಿ ಸೇರಿಸಬಹುದು. ಒಳಗೆ ಬಂದ ಮೇಲೆ ನಾವು ಮಾಡಿದ್ದನ್ನು, ಮಾಡದೇ ಬಿಟ್ಟದ್ದನ್ನು ಯಾವತ್ತೂ ಸೇರಿಸಬಾರದು. ಅಪ್ಪನಿಗೆ ಓದಲು ಬರದಿರುವುದು ಮೊದಲೇ ಇದ್ದದ್ದು. ಓದಲು ಬರದವರಿಗೆ ಬಾಯಲ್ಲಿ ಹೇಳದೇ ಇದ್ದದ್ದು ನಾವು ಬಿಟ್ಟದ್ದು.

ತೊಂದರೆ ಏನೆಂದರೆ, ಡೇಟಾದಲ್ಲಿ ಇವೆರಡೂ ಅಂಟಿಕೊಂಡೇ ಬರುತ್ತವೆ. ಎಲ್ಲ ಆಸ್ಪತ್ರೆಗಳೂ ಬಡವರಿಗೆ ಕಡಿಮೆ ಗಮನ ಕೊಡುತ್ತಿದ್ದರೆ, ಆ ಕೊರತೆಯೂ "ಬಡತನದ ಪರಿಣಾಮ" ಅಂತ ಅಂದಾಜಿನೊಳಗೆ ನುಂಗಿಹೋಗುತ್ತದೆ. ನೀವು ಭಯಪಟ್ಟದ್ದು ಇದಕ್ಕೇ, ಆ ಭಯ ನಿಜ. ಹಾಗಾಗಿ ಅಂದಾಜಿನ ಪಕ್ಕ ಇಟ್ಟು ಹೊಂದಿಸಿದ ಅಂಕಿಯೊಂದನ್ನೇ ಪ್ರಕಟಿಸುವುದು ನನಗೆ ಒಪ್ಪಿಗೆಯಿಲ್ಲ. ಮೂರು ಅಂಕಿ ಬೇಕು. ಹೊಂದಿಸದೇ ಇರುವ ಕಚ್ಚಾ ದರ. ಹೊಂದಿಸಿದ ದರ. ಮೂರನೆಯದು ಒಂದೇ ಆಸ್ಪತ್ರೆಯೊಳಗೆ ಬಡ ಮಕ್ಕಳಿಗೂ ಅನುಕೂಲಸ್ಥ ಮಕ್ಕಳಿಗೂ ಇರುವ ಅಂತರ. ಅದೇ ಡಾಕ್ಟರು, ಅದೇ ನರ್ಸು, ಅದೇ ವಾರ್ಡು. ಅಂತರ ಎರಡು ಇದ್ದದ್ದು ಐದಾದರೆ, ಬೇರೆ ಆಸ್ಪತ್ರೆ ಕಡೆ ಬೆರಳು ತೋರಿಸಲು ಆಗುವುದಿಲ್ಲ.

ದುಡ್ಡಿನ ದಂಡಕ್ಕೆ ಹೊಂದಿಸಿದ ದರ ಬಳಸಿ. ಸುಧಾರಣೆಗೆ ಅಂತರವನ್ನು ನೋಡಿ. ಕಚ್ಚಾ ದರವನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಿಡಬೇಡಿ, ಯಾಕೆಂದರೆ ಮಗು ಅನುಭವಿಸಿದ್ದು ಅದನ್ನೇ.

ಹದಿನೆಂಟು ವರ್ಷದ ನರ್ಸ್

ಮೇಷ್ಟ್ರೇ, ಬಡ ಮಗು ಯಾವುದು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ನಮ್ಮಲ್ಲಿ ಇರುವುದು ವಿಳಾಸ ಮಾತ್ರ. ವಿಳಾಸ ನೋಡಿ ಆ ಏರಿಯಾದ ಸರಾಸರಿ ಹಾಕುತ್ತಾರೆ. ಒಂದೇ ಬೀದಿಯಲ್ಲಿ ಬಂಗಲೆಯೂ ಇರುತ್ತದೆ, ಅದರ ಹಿಂದೆ ಕೆಲಸದವರ ಶೆಡ್ಡೂ ಇರುತ್ತದೆ. ಲೆಕ್ಕಕ್ಕೆ ಇಬ್ಬರೂ ಒಂದೇ. ಎಷ್ಟೋ ಜನ ಕೊಡುವ ವಿಳಾಸವೇ ಸಂಬಂಧಿಕರದ್ದು.

ಇನ್ನು ಕಾಯಿಲೆಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿಯಲ್ಲಿ, ಅಂದರೆ ಐಸಿಡಿ-10ರಲ್ಲಿ, ಝಡ್ 55ರಿಂದ ಝಡ್ 65ರವರೆಗೆ ಇದಕ್ಕೇ ಕೋಡ್ ಇವೆ. ಮನೆ ಸರಿ ಇಲ್ಲ, ದುಡ್ಡು ಸಾಲದು, ಓದು ಬರದು, ಎಲ್ಲಕ್ಕೂ ಇದೆ. ಆದರೆ ಅದನ್ನು ಬರೆಯಬೇಕಾದರೆ ಯಾರಾದರೂ ಕೇಳಬೇಕು. ಕೇಳಿದ ಆಸ್ಪತ್ರೆಯಲ್ಲಿ ಬಡವರು ಕಾಣುತ್ತಾರೆ. ಕೇಳದ ಆಸ್ಪತ್ರೆಯಲ್ಲಿ ಬಡವರೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಆಮೇಲೆ ಸ್ಕೋರ್‌ಗೆ ಲಾಭ ಇದೆ ಅಂತ ಗೊತ್ತಾದರೆ ಎಲ್ಲರೂ ಎಲ್ಲರಿಗೂ ಆ ಕೋಡ್ ಹಾಕಲು ಶುರು ಮಾಡುತ್ತಾರೆ, ಅದೂ ಇದೆ.

ಕೇಳುವುದೂ ಸುಲಭವಲ್ಲ. "ಈ ತಿಂಗಳು ಮನೆಯಲ್ಲಿ ಊಟಕ್ಕೆ ಸಾಲದೇ ಬಂತಾ?" ಅಂತ ನಾನು ಒಬ್ಬ ತಾಯಿಯನ್ನು ಕೇಳಿದೆ. ಪಕ್ಕದ ಬೆಡ್ಡಿನವರಿಗೆ ಕೇಳಿಸುತ್ತಿತ್ತು. ಆಕೆ ಇಲ್ಲ ಅಂದರು. ಆಮೇಲೆ ಕಾರಿಡಾರಿನಲ್ಲಿ ನನ್ನ ಹಿಂದೆಯೇ ಬಂದು, ಹೌದು ಸಿಸ್ಟರ್ ಅಂದರು. ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಫಾರಂ ತುಂಬಿಸಿಕೊಂಡೆ ಅಷ್ಟೇ. ಅವತ್ತಿನಿಂದ ಪರದೆ ಎಳೆಯದೆ ಈ ಪ್ರಶ್ನೆ ಕೇಳುವುದಿಲ್ಲ, ಯಾರ ಹತ್ತಿರ ಕಳಿಸಬೇಕು ಅಂತ ಗೊತ್ತು ಮಾಡಿಕೊಳ್ಳದೆಯೂ ಕೇಳುವುದಿಲ್ಲ.

ಸಣ್ಣ ಆಸ್ಪತ್ರೆಯವ

ಚಿಕ್ಕದಾಗಿ ನಂದೂ ಒಂದು. ನಮ್ಮಲ್ಲಿ ತಿಂಗಳಿಗೆ ನಲವತ್ತು ಮಕ್ಕಳು ದಾಖಲಾದರೆ ಹೆಚ್ಚು. ಎರಡು ಮಕ್ಕಳು ಮರಳಿದರೆ ಶೇ 5, ನಾಲ್ಕು ಮರಳಿದರೆ ಶೇ 10. ಒಂದೇ ಮನೆಯ ಅವಳಿ ಮಕ್ಕಳಿಗೆ ಭೇದಿ ಮರುಕಳಿಸಿದರೆ ನಮ್ಮ ದರ ದುಪ್ಪಟ್ಟು. ದೊಡ್ಡ ಆಸ್ಪತ್ರೆಗೆ ಹೋಗಿ ದಾಖಲಾದ ನಮ್ಮ ಮಕ್ಕಳು ನಮ್ಮ ಲೆಕ್ಕಕ್ಕೇ ಬರುವುದಿಲ್ಲ, ಅದು ನಮಗೆ ಸುಳ್ಳು ಹೆಸರು ತರುತ್ತದೆ. ಕ್ಯಾನ್ಸರ್ ಇರುವ ಮಗು ಮುಂದಿನ ಕೀಮೋಗೆ ಬಂದರೂ ಕೆಲವು ಸಾಫ್ಟ್‌ವೇರ್ ಅದನ್ನು ಮರುದಾಖಲು ಅಂತಲೇ ಎಣಿಸುತ್ತದೆ. ಬಡತನದ ಮಾತಿಗೆ ಮೊದಲು ಇಷ್ಟನ್ನಾದರೂ ಸರಿ ಮಾಡಲಿ.

ಲೆಕ್ಕದ ಮೇಷ್ಟ್ರು

ಸರಿಯಾಗಿ ಹೇಳಿದಿರಿ. ಯಾವುದನ್ನು ಯಾವುದರಿಂದ ಭಾಗಿಸುತ್ತೇವೆ ಅನ್ನುವುದರಲ್ಲೇ ಎಡವಿದ ಹಳೆಯ ಕಥೆ ಇದೆ. 1863ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಕಟಿಸಿದ ಕೋಷ್ಟಕದಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ದರ ಶೇ 90 ದಾಟಿತ್ತು. ವರ್ಷವಿಡೀ ಆದ ಸಾವನ್ನು ಒಂದು ದಿನ ಒಳಗಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರು. ಆಗಲೇ ಅದಕ್ಕೆ ಕಟುವಾದ ಟೀಕೆ ಬಂತು. ಅಂಥ ದೊಡ್ಡವರೇ ಎಡವಿದ ಜಾಗ ಇದು.

ಸಣ್ಣ ಆಸ್ಪತ್ರೆಗೆ ಒಂದು ತಿಂಗಳ ಅಂಕಿ ಪ್ರಕಟಿಸಲೇಬಾರದು. ಮೂರು ವರ್ಷದ್ದು ಸೇರಿಸಿ, ದರದ ಜೊತೆ ಅದು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ವ್ಯಾಪ್ತಿಯನ್ನೂ ಕೊಡಬೇಕು. ಬ್ರಿಟನ್ನಿನಲ್ಲಿ ಮಕ್ಕಳ ಹೃದಯದ ಆಪರೇಷನ್ನಿಗೆ ಈಗ ಹಾಗೇ ಮಾಡುತ್ತಾರೆ. ಆಸ್ಪತ್ರೆಗಳಿಗೆ ರ‍್ಯಾಂಕ್ ಕೊಡುವುದಿಲ್ಲ. ಇಂಥ ಮಕ್ಕಳಿಗೆ ಇಷ್ಟರಿಂದ ಇಷ್ಟು ಮಂದಿ ಬದುಕಿ ಉಳಿಯಬೇಕು ಅನ್ನುವ ವ್ಯಾಪ್ತಿ ಗುರುತಿಸಿ, ಆಸ್ಪತ್ರೆ ಅದರೊಳಗಿದೆಯಾ ಹೊರಗಿದೆಯಾ ಅಂತ ತೋರಿಸುತ್ತಾರೆ.

ಮಕ್ಕಳ ಡಾಕ್ಟರ್

ಪಟ್ಟಿ ಬರೆಯುವವರೇ, ನಿಮ್ಮ ಮೊದಲ ಪೋಸ್ಟಿನ ಒಂದು ಮಾತಿಗೆ ನನ್ನದು ಸಣ್ಣ ತಕರಾರಿದೆ. "ಗೋಡೆ ನಮ್ಮದಲ್ಲ" ಅಂದಿರಿ.

ಅಮೆರಿಕದ ಬಾಸ್ಟನ್ ಸಿಟಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ 1993ರಲ್ಲಿ ಡಾಕ್ಟರುಗಳು ವಕೀಲರನ್ನೇ ಜೊತೆಗೆ ಸೇರಿಸಿಕೊಂಡರು. ಔಷಧಿಗೆ ಬಗ್ಗದ ಅಸ್ತಮಾ ಹಿಂದೆ ರಿಪೇರಿ ಮಾಡಿಸದ ಓನರ್ ಇದ್ದರೆ, ಅವನಿಗೆ ಪತ್ರ ಬರೆಯಬೇಕಾದವರು ವಕೀಲರೇ ತಾನೇ. ಅಮೆರಿಕದ ಸಿನ್ಸಿನಾಟಿಯಲ್ಲಿ ಹೀಗೇ ವಕೀಲರ ಹತ್ತಿರ ಕಳಿಸಿದ ಮಕ್ಕಳ ವಿಳಾಸಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹಲವು ಕಟ್ಟಡಗಳಿಗೆ ಒಬ್ಬನೇ ಮಾಲೀಕ ಅಂತ ಗೊತ್ತಾಯಿತು. ಬಾಡಿಗೆದಾರರು ಒಟ್ಟಾದರು, ರಿಪೇರಿ ನಡೆಯಿತು. ಬಾಸ್ಟನ್ ಮಕ್ಕಳ ಆಸ್ಪತ್ರೆ 2005ರಿಂದ ಅಸ್ತಮಾ ಮಕ್ಕಳ ಮನೆಗೇ ಸಿಬ್ಬಂದಿ ಕಳಿಸುತ್ತಿದೆ. ಹಾಸಿಗೆಗೆ ಧೂಳು ತಡೆಯುವ ಕವರ್, ಜಿರಳೆ ಕಾಟಕ್ಕೆ ಪರಿಹಾರ, ಔಷಧಿ ಸರಿಯಾಗಿ ಕೊಡುವುದು ಹೇಗೆ ಅಂತ ಕೂತು ತೋರಿಸುವುದು. ಆ ಮಕ್ಕಳು ಆಸ್ಪತ್ರೆಗೆ ಬರುವುದು ಕಡಿಮೆ ಆಯಿತು.

ಗೋಡೆ ಕಟ್ಟಿದ್ದು ನಾವಲ್ಲ. ಅದಕ್ಕೆ ದಂಡ ಹಾಕಬಾರದು. ಆದರೆ ಮೂರು ಸಲ ಬಂದ ಮಗುವಿನ ಗೋಡೆ ಬಗ್ಗೆ ಮೂರನೇ ಸಲದವರೆಗೆ ಯಾರೂ ಕೇಳಲಿಲ್ಲ ಅನ್ನುವುದು ನಮಗೇ ಸೇರಿದ್ದು.

ಇಬ್ಬರು ಮಕ್ಕಳ ಅಪ್ಪ

ಡಾಕ್ಟ್ರೇ, ಇದನ್ನು ಕೇಳಲೇ ನಾನು ಇಷ್ಟು ಹೊತ್ತು ಕಾದಿದ್ದು. ಮೇಷ್ಟ್ರ ಮೂರು ಅಂಕಿಗೂ ನನ್ನ ಒಪ್ಪಿಗೆ ಇದೆ. ಆ ಮೂರನೇ ಅಂಕಿಯನ್ನು ಯಾರೂ ತೆಗೆದುಹಾಕದ ಹಾಗೆ ನೋಡಿಕೊಳ್ಳಿ. ದುಡ್ಡಿಗೆ ಸಂಬಂಧ ಇಲ್ಲದ ಅಂಕಿ ಎರಡು ವರ್ಷದಲ್ಲಿ ಫಾರಂನಿಂದಲೇ ಮಾಯ ಆಗುತ್ತದೆ.

ಪಟ್ಟಿ ಬರೆಯುವವಳು

ಎಲ್ಲರ ಉತ್ತರ ಪ್ರಿಂಟ್ ತೆಗೆದುಕೊಂಡು ಎರಡೆರಡು ಸಲ ಓದಿದೆ. ಡಾಕ್ಟ್ರು ಹೇಳಿದ್ದು ಸರಿ. ನಾನು ಗೋಡೆಯನ್ನು ಬೇಗ ಕೈಬಿಟ್ಟೆ.

ಪಟ್ಟಿಯಲ್ಲಿ ಈಗ ಎರಡು ಕಾಲಂ ಸೇರಿಸಿದ್ದೇನೆ. ಒಂದರ ಮೇಲೆ "ಬರುವಾಗಲೇ ಇದ್ದದ್ದು" ಅಂತ ಬರೆದಿದ್ದೇನೆ, ಇನ್ನೊಂದರ ಮೇಲೆ "ನಾವು ಬಿಟ್ಟದ್ದು". ಹಳೆಯ ಮೂರು ತಿಂಗಳ ಪಟ್ಟಿಗೆ ಫೋನ್ ಮಾಡಿ ತುಂಬಲು ಶುರು ಮಾಡಿದೆ. ಹನ್ನೊಂದು ಮನೆಗೆ ಮಾತಾಡಿ ಆಗಿದೆ. ಎರಡೂ ಕಾಲಂ ತುಂಬಿದ್ದೇ ಜಾಸ್ತಿ. ಬರೀ ಮೊದಲನೆಯದು ತುಂಬಿದ್ದು ಎರಡೇ ಮನೆ. ಇದನ್ನು ಮೀಟಿಂಗಿನಲ್ಲಿ ಹೇಳಲು ನನಗೆ ಸಂಕಟ ಆಗುತ್ತದೆ. ಸ್ಕೋರ್ ಅನ್ಯಾಯ ಅಂತ ವಾದಿಸಲು ಹೊರಟವಳು ನಾನು. ಈಗಲೂ ಅನ್ಯಾಯ ಅಂತಲೇ ಹೇಳುತ್ತೇನೆ, ಮೇಷ್ಟ್ರ ಲೆಕ್ಕವನ್ನೂ ತೋರಿಸುತ್ತೇನೆ. ಜೊತೆಗೆ ಎರಡನೇ ಕಾಲಂ ಕೂಡ ತೋರಿಸುತ್ತೇನೆ.

ಆ ತಾಯಿಗೆ ಉಚಿತ ಕಾನೂನು ನೆರವಿನ ನಂಬರ್ ಕೊಟ್ಟಿದ್ದೇನೆ. ಗೋಡೆಯ ಫೋಟೋ ಜೊತೆ ನಮ್ಮ ಡಾಕ್ಟರ ಪತ್ರವೂ ಹೋಗುತ್ತದೆ. ಒಂದು ಸಹಾಯ ಬೇಕು ನರ್ಸ್ ಅಕ್ಕ. ಅವರಿಗೆ ಈ ಸಲ ಕೊಟ್ಟ ಇನ್‌ಹೇಲರ್‌ನಲ್ಲಿ ಕೌಂಟರ್ ಇಲ್ಲ. ಆ ಹನ್ನೆರಡು ವರ್ಷದ ಹುಡುಗಿಗೆ ಮುಗಿದದ್ದು ಗೊತ್ತಾಗುವುದು ಹೇಗೆ?

ಹದಿನೆಂಟು ವರ್ಷದ ನರ್ಸ್

ಡಬ್ಬಿ ಮೇಲೆ ಎಷ್ಟು ಪಫ್ ಅಂತ ಇರುತ್ತದೆ. 120 ಇದ್ದರೆ, ಬೆಳಿಗ್ಗೆ ಎರಡು ರಾತ್ರಿ ಎರಡು, ದಿನಕ್ಕೆ ನಾಲ್ಕು, ಮೂವತ್ತು ದಿನಕ್ಕೆ ಖಾಲಿ. ಶುರು ಮಾಡಿದ ದಿನ ಮತ್ತು ಮುಗಿಯುವ ದಿನ ಎರಡನ್ನೂ ಮಾರ್ಕರ್‌ನಲ್ಲಿ ಇನ್‌ಹೇಲರ್ ಮೇಲೇ ಬರೆದುಕೊಡಿ. ಮುಗಿಯುವ ನಾಲ್ಕು ದಿನ ಮೊದಲೇ ಹೊಸದು ತರಲು ಹೇಳಿ. ಅಲುಗಾಡಿಸಿ ನೋಡುವುದು, ನೀರಲ್ಲಿ ತೇಲಿಸಿ ನೋಡುವುದು ಬೇಡ ಅಂತಲೂ ಹೇಳಿ, ಅದರಲ್ಲಿ ಗೊತ್ತಾಗುವುದಿಲ್ಲ. ಫೋನಿನಲ್ಲಿ ಆ ಹುಡುಗಿಯನ್ನೇ ಕರೆದು ಮಾತಾಡಿ.